ಪ್ರೋಟಾನ್ ಸಾಯೋದನ್ನ ಕಾಯ್ತಾ ಕೂತವರು

ನೆಲದ ಮೇಲೆ ಕೆಲಸ ಮಾಡೋರಿಗೆ ನಗೋ ಪ್ರಸಂಗ ತಿಂಗಳಿಗೆ ಒಂದೋ ಎರಡೋ ಸಿಗುತ್ತೆ. ನೆಲದ ಕೆಳಗೆ, ಒಂದೂವರೆ ಮೈಲಿ ಹತ್ತಿರ ಆಳದಲ್ಲಿ ಕೆಲಸ ಮಾಡಿದ ನನ್ನಂಥೋರಿಗೆ ದಿನಾ ಸಿಗ್ತಿತ್ತು. ಒಂದೇ ತಾಪತ್ರಯ ಏನಪ್ಪಾ ಅಂದರೆ, ನಗು ಬರ್ತಿದ್ದಿದ್ದು ಮೇಲೆ ಬಂದು ಬಿಸಿಲು ಕಂಡ ಮೇಲೆ. ಕೆಳಗಿರೋವಾಗ ಮೈಮೇಲಿನ ಕೂದಲು ನೆಟ್ಟಗೆ ನಿಲ್ಲೋದು ಅಷ್ಟೇ.

ಕಾಯೋ ಕೆಲಸ

ನಮ್ಮದು ಮುಳಬಾಗಿಲು. ಅಪ್ಪ ಪುರೋಹಿತರು. ನಾನು ಮಂತ್ರ ಕಲಿಯೋಕೆ ಸೋಮಾರಿತನ ಮಾಡಿ, ಕೋಲಾರದ ಕಾಲೇಜಿನಲ್ಲಿ ವಿಜ್ಞಾನ ಓದಿ, ಎಂಬತ್ತರ ದಶಕದ ಶುರುವಿನಲ್ಲಿ ಚಿನ್ನದ ಗಣಿಯೊಳಗಿನ ಒಂದು ಪ್ರಯೋಗಾಲಯದಲ್ಲಿ ಸಹಾಯಕನಾಗಿ ಸೇರಿಕೊಂಡೆ. ಗಣಿಯವರು ಚಿನ್ನ ತೆಗೆದು ಖಾಲಿ ಮಾಡಿದ ಒಂದು ಗುಹೆ. ಅದರೊಳಗೆ ಕಬ್ಬಿಣದ ದಪ್ಪ ಹಲಗೆಗಳನ್ನ ಒಂದರ ಮೇಲೊಂದು ಪೇರಿಸಿ, ನಡುನಡುವೆ ಗಾಳಿ ಆಡದ ಹಾಗೆ ಮುಚ್ಚಿದ ಕೊಳವೆಗಳನ್ನ ಸಾಲಾಗಿ ಇಟ್ಟಿದ್ದರು. ನೋಡೋಕೆ ಎರಡಂತಸ್ತಿನ ಕಬ್ಬಿಣದ ಮನೆ, ಬಾಗಿಲು ಕಿಟಕಿ ಒಂದೂ ಇಲ್ಲ.

ಆ ಕಬ್ಬಿಣದ ಮುಂದೆ ಕೂತು ನಾವು ಮಾಡ್ತಿದ್ದಿದ್ದು ಇಷ್ಟೇ. ಲೋಕದಲ್ಲಿರೋ ಪ್ರತಿಯೊಂದು ವಸ್ತುವಿನ ಹೊಟ್ಟೆಯೊಳಗೂ ಪ್ರೋಟಾನ್ ಅನ್ನೋ ಕಣ ಇದೆ. ಅದಕ್ಕೆ ಸಾವೇ ಇಲ್ಲ ಅಂತ ಎಲ್ಲರೂ ಒಪ್ಪಿಕೊಂಡ ಪುಸ್ತಕದಲ್ಲಿದೆ. ಇಲ್ಲ, ಅದೂ ಒಂದು ದಿನ ಸಾಯುತ್ತೆ ಅಂತ ಆಗ ಕೆಲವರು ಹೊಸದಾಗಿ ಹೇಳೋಕೆ ಶುರು ಮಾಡಿದ್ದರು. ಒಂದೇ ಒಂದು ಸಾವು ಕಣ್ಣಿಗೆ ಬಿದ್ದರೆ ಪುಸ್ತಕ ತಿದ್ದಬೇಕು. ಆಕಾಶದಿಂದ ಬೇರೆ ಕಣಗಳು ಸದಾ ಸುರಿಯೋದರಿಂದ ಮೇಲೆ ಗದ್ದಲ ಜಾಸ್ತಿ, ಅದಕ್ಕೇ ಅಷ್ಟು ಆಳಕ್ಕೆ ಇಳಿದು ಕೂತಿದ್ದು.

ಇದನ್ನೆಲ್ಲ ಅಪ್ಪನಿಗೆ ನಾಲ್ಕು ಸಲ ಹೇಳಿದ್ದೆ. ಅಪ್ಪ ತಲೆಯಾಡಿಸಿದ್ದರು. ಆಮೇಲೆ ಮಾಲೂರಿನಿಂದ ಒಂದು ಸಂಬಂಧ ಬಂತು. ಹುಡುಗಿ ತಂದೆಗೆ ಹೆಂಚಿನ ಕಾರ್ಖಾನೆಯಲ್ಲಿ ಮ್ಯಾನೇಜರ್ ಕೆಲಸ. ನಮ್ಮ ಮನೆ ಜಗಲಿ ಮೇಲೆ ಕೂತು ಕಾಫಿ ಕುಡೀತಾ ಕೇಳಿದರು.

"ಹುಡುಗ ಗಣಿಯಲ್ಲಿ ಏನ್ ಕೆಲಸ ಮಾಡ್ತಾನೆ?"

"ಕಾಯೋ ಕೆಲಸ," ಅಂದರು ಅಪ್ಪ.

"ಏನು ಕಾಯ್ತಾನೆ?"

ಪ್ರೋಟಾನು ಅನ್ನೋ ಪದ ಅಪ್ಪನ ಬಾಯಿಗೆ ತಟ್ಟನೆ ಬರಲಿಲ್ಲ. ನೆನಪಿಗೆ ಬಂದದ್ದನ್ನ ಹೇಳಿಬಿಟ್ಟರು. "ಕಬ್ಬಿಣ. ತುಂಬಾ ಇದೆ ಕಬ್ಬಿಣ. ಹಗಲೂ ರಾತ್ರಿ ಯಾರಾದರೊಬ್ಬರು ಕಾಯ್ತಾನೇ ಇರ್ಬೇಕು."

ಮಾಲೂರಿನವರು ಲೋಟ ಕೆಳಗಿಟ್ಟರು. ಬಿ.ಎಸ್ಸಿ. ಓದಿದ ಹುಡುಗನ್ನ ಗುಜರಿ ಅಂಗಡಿಗೆ ವಾಚ್‌ಮನ್ ಮಾಡಿದ್ದೀರಲ್ಲ ಅಂತ ಅವರಿಗೆ ನಿಜವಾಗಿ ಸಂಕಟ ಆಯ್ತು. ಹೋಗ್ತಾ ಬಾಗಿಲಲ್ಲಿ ನನ್ನ ಬೆನ್ನು ತಟ್ಟಿ, "ಬೇಜಾರ್ ಮಾಡ್ಕೋಬೇಡಪ್ಪ. ನಮ್ಮ ಕಾರ್ಖಾನೇಲೂ ಒಬ್ಬ ಕಾವಲುಗಾರ ಬೇಕಾಗಿದೆ. ಅಲ್ಲಾದ್ರೆ ನೆಲದ ಮೇಲೇ ಕಾಯಬಹುದು," ಅಂದರು.

ಒಬ್ಬರು ಜಾಸ್ತಿ

ಗಣಿಗೆ ಇಳಿಯೋದು ಕೇಜಿನಲ್ಲಿ. ಕೇಜು ಅಂದರೆ ಕಬ್ಬಿಣದ ಪಂಜರ, ತಂತಿ ಹಗ್ಗಕ್ಕೆ ಕಟ್ಟಿ ಬಾವಿಗೆ ಬಿಂದಿಗೆ ಬಿಟ್ಟ ಹಾಗೆ ಬಿಡ್ತಾರೆ. ಅದಕ್ಕೆ ಗಂಟೆಯ ಭಾಷೆ. ಯಾವ ಹಂತದಲ್ಲಾದರೂ, ಅಂದರೆ ದಾರಿಯ ಯಾವ ಅಂತಸ್ತಿನಲ್ಲಾದರೂ, ಮೂರು ಸಲ ಗಂಟೆ ಹೊಡೆದರೆ ಮನುಷ್ಯರು ಹತ್ತೋರಿದ್ದಾರೆ ಅಂತ ಅರ್ಥ. ಗಂಟೆ ಕೇಳಿದ ಮೇಲೆ ಕೇಜು ನಿಲ್ಲಿಸದೇ ಹೋದರೆ ಅದಕ್ಕಿಂತ ದೊಡ್ಡ ತಪ್ಪು ಗಣಿಯಲ್ಲಿ ಇನ್ನೊಂದಿಲ್ಲ.

ನನ್ನನ್ನ ದಿನಾ ಕರ್ಕೊಂಡು ಹೋಗಿ ಬರ್ತಿದ್ದವರು ಒಬ್ಬ ಮೇಸ್ತ್ರಿ. ಅವರ ತಾತ, ಅಪ್ಪ, ಅವರು, ಮೂರು ತಲೆಮಾರು ಅದೇ ಗಣಿ. ಸೇರಿದ ಮೊದಲ ವಾರವೇ ನನಗೆ ಎರಡು ಬುದ್ಧಿಮಾತು ಹೇಳಿದರು. ಒಂದು, ಒಳಗೆ ಸಿಳ್ಳೆ ಹಾಕಬಾರದು. ಎರಡು, ಕೇಜಿನಲ್ಲಿ ಕಾಲು ಅಗಲಿಸಿ ನಿಲ್ಲಬಾರದು, ಬೇರೆಯವರಿಗೂ ಜಾಗ ಬಿಡಬೇಕು. ಎರಡನೇದು ಬಸ್ಸಿನ ಶಿಷ್ಟಾಚಾರ ಅಂದುಕೊಂಡೆ.

ಒಂದು ಮಧ್ಯಾಹ್ನ ಮೇಲೆ ಬರ್ತಿದ್ದೆವು. ಕೇಜಿನಲ್ಲಿ ನಾವಿಬ್ಬರೇ. ಅರ್ಧ ದಾರಿಯಲ್ಲಿ ಎಲ್ಲೋ ಮೂರು ಗಂಟೆ ಕೇಳಿಸಿತು. ಕೇಜು ನಿಂತಿತು. ನನ್ನ ಟೋಪಿ ದೀಪದ ಬೆಳಕಲ್ಲಿ ನೋಡಿದರೆ, ಎಷ್ಟೋ ವರ್ಷದ ಹಿಂದೆ ಮುಚ್ಚಿದ ಹಂತ. ಅಡ್ಡ ಕಟ್ಟಿದ ಮರದ ತೊಲೆಗಳ ಮೇಲೆ ಬೆಳ್ಳಗೆ ಬೂಷ್ಟು ಬೆಳೆದಿತ್ತು. ಒಳಗಿಂದ ಬೆಚ್ಚಗಿನ ಗಾಳಿ ಬಂತು, ಯಾರೋ ಹತ್ತಿರ ನಿಂತು ಉಸಿರು ಬಿಟ್ಟ ಹಾಗೆ. ಒಂದು ನರಪಿಳ್ಳೆಯೂ ಇಲ್ಲ.

ಮೇಸ್ತ್ರಿ ಕೇಜಿನ ಬಾಗಿಲು ತೆಗೆದರು. ಸುಮ್ಮನೆ ಸ್ವಲ್ಪ ಹೊತ್ತು ನಿಂತರು. ಬಾಗಿಲು ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಸಾರ್, ಸ್ವಲ್ಪ ಆ ಕಡೆ ಜರುಗಿ," ಅಂದರು.

ಜರುಗಿದೆ. ಮೇಲಕ್ಕೆ ಹೋಗೋತನಕ ನನಗೂ ಮೇಸ್ತ್ರಿಗೂ ನಡುವೆ ಒಂದು ಮೊಳ ಖಾಲಿ ಜಾಗ. ನಾನು ಅದರ ಕಡೆ ನೋಡಲಿಲ್ಲ. ಮೇಲೆ ಬಂದು ಬೆಳಕಿಗೆ ಕಣ್ಣು ಕಿರಿದು ಮಾಡಿ ನಿಂತಾಗ ಧೈರ್ಯ ತಂದುಕೊಂಡು ಕೇಳಿದೆ.

"ಮೇಸ್ತ್ರಿ, ಅಲ್ಲಿ ಯಾರು ಹತ್ತಿದ್ದು?"

"ಹಳಬರು ಸಾರ್." ಅವರು ಬೀಡಿ ಹಚ್ಚಿದರು. "ಟೋಕನ್ ಇಲ್ಲ, ಹಾಜರಿ ಇಲ್ಲ, ಸಂಬಳ ಇಲ್ಲ. ಆದ್ರೂ ಒಂದು ದಿನ ಡ್ಯೂಟಿ ತಪ್ಪಿಸಿಲ್ಲ. ನಮ್ಮ ಯೂನಿಯನ್‌ನವರಿಗೆ ಸ್ವಲ್ಪ ಹೇಳಿ."

ಇನ್ನೂ ಇಲ್ಲ

ಪ್ರಯೋಗಾಲಯದ ದೊಡ್ಡ ವಿಜ್ಞಾನಿಯನ್ನ ನಾವೆಲ್ಲ ಡಾಕ್ಟರು ಅಂತಲೇ ಕರೀತಿದ್ದೆವು. ಮೈಸೂರು ಕಡೆಯವರು, ಬಹಳ ಸಾತ್ವಿಕ. ಯಂತ್ರ ಟಕ್ ಅಂದಾಗ ಕಾಗದದ ಮೇಲೆ ಚುಕ್ಕಿಗಳು ಬೀಳ್ತಿದ್ದವು, ಆ ಚುಕ್ಕಿ ಸೇರಿಸಿ ಗೆರೆ ಎಳೆಯೋದು ಅವರ ಕೆಲಸ. ಗೆರೆ ಕಬ್ಬಿಣದ ಈ ಕಡೆಯಿಂದ ಬಂದು ಆ ಕಡೆ ಹೋಗಿದ್ದರೆ, ಅದು ಹೊರಗಿನಿಂದ ಬಂದ ದಾರಿಹೋಕ. ಒಳಗೇ ಹುಟ್ಟಿ ಒಳಗೇ ನಿಂತಿದ್ದರೆ, ಅಲ್ಲೇ ಏನೋ ಸತ್ತಿದೆ ಅಂತ. ಎರಡು ವರ್ಷದಿಂದ ಬರೀ ದಾರಿಹೋಕರೇ ಬರ್ತಿದ್ದರು.

ಗುಹೆಯ ಗೋಡೆಗೆ ಒಂದು ಹಳೇ ಟೆಲಿಫೋನು ನೇತುಹಾಕಿದ್ದರು. ಗಣಿಯವರು ಅಲ್ಲಿ ಚಿನ್ನ ತೆಗೀತಿದ್ದ ಕಾಲದ್ದು. ಮಧ್ಯಾಹ್ನ ಊಟಕ್ಕೆ ಕೂತರೆ ಸರಿಯಾಗಿ ಅದು ಒಮ್ಮೆ ಹೊಡ್ಕೊಳ್ಳೋದು. ಊಟ ಅಂದೆನಲ್ಲ, ಅಲ್ಲಿ ಬಂಡೆಯೇ ಎಷ್ಟು ಬಿಸಿ ಅಂದರೆ, ಬೆಳಿಗ್ಗೆ ಕಟ್ಟಿಸಿಕೊಂಡ ಮುದ್ದೆ ಡಬ್ಬಿಯನ್ನ ಅದರ ಮೇಲಿಟ್ಟರೆ ಮಧ್ಯಾಹ್ನ ಈಗ ತೊಳಸಿದ ಹಾಗೆ ಇರೋದು. ಟೆಲಿಫೋನು ಹೊಡ್ಕೊಂಡ ತಕ್ಷಣ ಡಾಕ್ಟರು ಎಂಜಲು ಕೈ ಮೇಲೆತ್ತಿ, ಎಡಗೈಲಿ ತೆಗೆದು, ಅವರಿಗೆ ಬರ್ತಿದ್ದ ಒಂದೇ ಒಂದು ತೆಲುಗು ಮಾತು ಹೇಳೋರು. "ಇಂಕಾ ಲೇದು." ಇನ್ನೂ ಇಲ್ಲ ಅಂತ. ಇಟ್ಟುಬಿಡೋರು.

ಒಂದು ದಿನ ಅವರ ಕೈ ಪೂರ್ತಿ ಸಾರಿನಲ್ಲಿತ್ತು. ನನ್ನನ್ನೇ ತೆಗೆಯೋಕೆ ಹೇಳಿದರು. ತೆಗೆದೆ. ದೂರದಲ್ಲಿ ನೀರು ತೊಟ್ಟಿಕ್ಕೋ ಸದ್ದು. ಅದರ ಹಿಂದೆ ಒಬ್ಬ ಮುದುಕನ ಧ್ವನಿ, ಸುಸ್ತಾಗಿತ್ತು, ಆದರೆ ಮರ್ಯಾದೆಯ ಧ್ವನಿ. "ಷಿಫ್ಟು ಅಯಿಪೋಯಿಂದಾ?" ಶಿಫ್ಟು ಮುಗೀತಾ ಅಂತ ಕೇಳ್ತಿದ್ದ. ಇಂಕಾ ಲೇದು ಅಂದೆ. "ಸರೇ ಬಾಬು," ಅಂದ. ಅಷ್ಟೇ.

ಯಾರೋ ಬೇರೆ ಹಂತದ ಕೆಲಸಗಾರ, ಪಾಪ, ಗಡಿಯಾರ ಇಲ್ಲ ಅಂದುಕೊಂಡು ಸುಮ್ಮನಾದೆ. ಮುಂದಿನ ವಾರ ಹೊಸ ತಂತಿ ಎಳೆಯೋಕೆ ಗೋಡೆ ಉದ್ದಕ್ಕೂ ಹೋದೆ ನೋಡಿ, ಟೆಲಿಫೋನಿನ ತಂತಿ ನಾಲ್ಕು ಮಾರು ಆಚೆ ಮುಗಿದುಹೋಗಿತ್ತು. ತುದಿ ತುಕ್ಕು ಹಿಡಿದು ಬಂಡೆಗೆ ಅಂಟಿಕೊಂಡಿತ್ತು. ಅಲ್ಲಿಂದ ಮುಂದೆ ತಂತಿಯೇ ಇಲ್ಲ.

ಓಡಿ ಬಂದು ಡಾಕ್ಟರಿಗೆ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡರು.

"ಗೊತ್ತಪ್ಪ. ನಾನು ಬಂದ ವರ್ಷವೇ ನೋಡಿದೀನಿ."

"ಮತ್ತೆ ದಿನಾ ತೆಗೆದು ಮಾತಾಡ್ತೀರಲ್ಲ ಸಾರ್?"

"ಪಾಪ ಕಣಯ್ಯ, ದಿನಾ ಕೇಳ್ತಾನೆ. ತಂತಿ ಇಲ್ಲ ಅಂತ ಉತ್ತರ ಕೊಡದೇ ಇರೋಕಾಗುತ್ತಾ?"

ಕೆಂಪು ಪ್ಲಸ್ಸು

ಇಷ್ಟರಲ್ಲಿ ನನಗೆ ಇಪ್ಪತ್ತೆಂಟು ತುಂಬಿತು. ಶ್ರೀನಿವಾಸಪುರದ ಹತ್ತಿರ ಯಲ್ದೂರಿನಿಂದ ಒಂದು ಸಂಬಂಧ ಬಂತು. ಹುಡುಗಿಯ ತಂದೆ ಮಿಡ್ಲ್ ಸ್ಕೂಲ್ ಹೆಡ್‌ಮಾಸ್ಟರು. ಹೆಣ್ಣು ನೋಡೋ ಶಾಸ್ತ್ರಕ್ಕೆ ಹೋದೆವು. ಉಪ್ಪಿಟ್ಟು ಬಂತು, ಕಾಫಿ ಬಂತು, ಹುಡುಗಿಯೂ ಬಂದಳು. ಸಾಮಾನ್ಯವಾಗಿ ಹುಡುಗಿಯರು ನೆಲ ನೋಡ್ತಾರೆ. ಇವಳು ನನ್ನ ಮುಖವನ್ನೇ ನೋಡಿ, "ಅಷ್ಟು ಕೆಳಗೆ ಇಡೀ ದಿನ ಯಾರ ಜೊತೆ ಮಾತಾಡ್ತೀರಿ?" ಅಂದಳು.

"ಟೆಲಿಫೋನ್ ಇದೆ," ಅಂದೆ. ಅದಕ್ಕಿಂತ ಜಾಸ್ತಿ ಹೇಳೋ ಹಾಗಿರಲಿಲ್ಲ. ಅವಳು ನಕ್ಕಳು. ಮದುವೆ ಅಂತ ಆದರೆ ಇವಳನ್ನೇ ಆಗಬೇಕು ಅಂತ ಆಗಲೇ ನನ್ನ ಮನಸ್ಸು ಹಟ ಹಿಡಿದು ಕೂತುಬಿಟ್ಟಿತು. ಹೆಡ್‌ಮಾಸ್ಟರು ಮಾತ್ರ, "ಹುಡುಗ ಕೆಲಸ ಮಾಡೋ ಜಾಗ ಒಂದ್ಸಲ ನೋಡ್ಕೊಂಡು ಬಂದು ಹೇಳ್ತೀನಿ," ಅಂದರು. ಯಾವತ್ತು ಬರ್ತೀನಿ ಅಂತ ಹೇಳಲಿಲ್ಲ.

ಆಗ ಎಲ್ಲ ಕಡೆ ಕನ್ನಡದಲ್ಲಿ ಬೋರ್ಡು ಹಾಕಬೇಕು ಅಂತ ಜನ ಕೇಳ್ತಿದ್ದ ಕಾಲ. ಮೇಲಿನ ನಮ್ಮ ಆಫೀಸಿಗೆ ಬರೀ ಇಂಗ್ಲಿಷ್ ಬೋರ್ಡಿತ್ತು. ಡಾಕ್ಟರು ಕನ್ನಡ ಮಾಡೋ ಕೆಲಸ ನನಗೆ ಒಪ್ಪಿಸಿದರು. ಪ್ರೋಟಾನಿನ ಸಾವಿಗೆ ಇಂಗ್ಲಿಷಿನಲ್ಲಿ ಡಿಕೇ ಅಂತಾರೆ. ನಿಘಂಟು ತೆಗೆದೆ. ಡಿಕೇ ಅಂದರೆ ಕ್ಷಯ. ಎಷ್ಟು ಚೆನ್ನಾಗಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡು, 'ಪ್ರೋಟಾನ್ ಕ್ಷಯ ಪ್ರಯೋಗಾಲಯ' ಅಂತ ಚೀಟಿಯಲ್ಲಿ ಬರೆದು ಕೋಲಾರದ ಬೋರ್ಡು ಬರೆಯೋನಿಗೆ ಕೊಟ್ಟೆ.

"ಪ್ರೋಟಾನು ಅಂದ್ರೇನು ಸಾರ್?" ಅಂದ.

"ಅದೊಂದು ಕಣ. ಪ್ಲಸ್ ಗುರುತಿನದು." ಇಷ್ಟೇ ನಾನು ಹೇಳಿದ್ದು, ದೇವರಾಣೆ.

ಅವನು ಕಲಾವಿದ. ಜನಕ್ಕೆ ಗೊತ್ತಿಲ್ಲದ ಪದ ಚಿಕ್ಕದಾಗಿರಲಿ, ಗೊತ್ತಿರೋ ಪದ ದೊಡ್ಡದಾಗಿರಲಿ ಅಂತ ಯೋಚನೆ ಮಾಡಿದ್ದಾನೆ. ಪ್ರೋಟಾನ್ ಅನ್ನೋದು ಇರುವೆ ಸಾಲಿನಷ್ಟು. ಕ್ಷಯ ಅನ್ನೋದು ಆನೆ ಗಾತ್ರ, ಕೆಂಪು ಬಣ್ಣ. ಪಕ್ಕದಲ್ಲಿ ಅಷ್ಟೇ ದೊಡ್ಡ ಒಂದು ಕೆಂಪು ಪ್ಲಸ್ಸು. ನಾನು ಊರಿಗೆ ಹೋಗಿದ್ದಾಗ ತಂದು ನೇತುಹಾಕಿ ಹೋಗಿದ್ದ.

ಎರಡು ದಿನ ರಜೆ ಮುಗಿಸಿ ಸೋಮವಾರ ಹೋದರೆ ಆಫೀಸಿನ ಮುಂದೆ ಸಾಲು. ಮುದುಕರು, ಮುದುಕಿಯರು, ಟವೆಲ್ಲು ಬಾಯಿಗೆ ಒತ್ತಿಕೊಂಡು ಕೆಮ್ಮೋರು. ಅರ್ಧ ಜನ ಹಿಂದೆ ಗಣಿಯಲ್ಲಿ ಕೆಲಸ ಮಾಡಿ ಎದೆ ತುಂಬ ಕಲ್ಲಿನ ಧೂಳು ತುಂಬಿಕೊಂಡಿದ್ದವರು. ಇನ್ನರ್ಧ ಹಳ್ಳಿಗಳಿಂದ ಬಂದಿದ್ದರು. ಎಲ್ಲರಿಗಿಂತ ಮುಂದೆ ರಾಯಲ್ಪಾಡಿನ ಒಬ್ಬ ತಾತ, ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಬಂದಿದ್ದ. ಡಾಕ್ಟರು ಕೈ ಮುಗಿದು ಮುಂದೆ ಬಂದರು.

"ತಾತ, ನಾನು ಆ ಡಾಕ್ಟರಲ್ಲ."

"ಮತ್ತೆ ಕ್ಷಯ ನೋಡಲ್ವಾ ಸ್ವಾಮಿ?"

ಡಾಕ್ಟರು ಸುಳ್ಳು ಹೇಳೋ ಪೈಕಿ ಅಲ್ಲ. "ಎರಡು ವರ್ಷದಿಂದ ನೋಡಬೇಕು ಅಂತಲೇ ಕಾಯ್ತಿದ್ದೀನಿ ತಾತ. ಇವತ್ತಿನವರೆಗೂ ಒಂದೂ ಸಿಕ್ಕಿಲ್ಲ."

ತಾತ ಅವರ ಕೈ ಹಿಡಿದುಕೊಂಡು ಕನಿಕರದಿಂದ ಹೇಳಿದ. "ಇನ್ಮೇಲೆ ಆ ಚಿಂತೆ ಬಿಡಿ ಸ್ವಾಮಿ. ನಾನು ಬಂದಿದ್ದೀನಲ್ಲ."

ಡಾಕ್ಟರು ಅಷ್ಟೂ ಜನರನ್ನ ಜೀಪಿನಲ್ಲಿ ನಾಲ್ಕು ಟ್ರಿಪ್ಪು ಆಸ್ಪತ್ರೆಗೆ ಕಳಿಸಿದರು. ಕೊನೇ ಟ್ರಿಪ್ಪು ಹೊರಟಾಗ ನಾನು ತಲೆಯೆತ್ತಿ ನೋಡಿದೆ. ರಸ್ತೆಯ ಆಚೆ, ಹುಣಸೇ ಮರದ ಕೆಳಗೆ, ಕೊಡೆ ಹಿಡಿದು ಹೆಡ್‌ಮಾಸ್ಟರು ನಿಂತಿದ್ದರು. ಬೋರ್ಡು ಓದಿದರು. ನನ್ನ ಮುಖ ನೋಡಿದರು. ಮತ್ತೊಂದು ಸಲ ಬೋರ್ಡು ಓದಿದರು. ಬೆಳಿಗ್ಗೆಯಿಂದ ಧೂಳಲ್ಲಿ ನಿಂತಿದ್ದೆನಾ, ಸರಿಯಾಗಿ ಅದೇ ಗಳಿಗೆಗೆ ನನಗೆ ಕೆಮ್ಮು ಬರಬೇಕೇ.

ಅಪ್ಪನ ವಿಜ್ಞಾನ

ನಾಲ್ಕನೇ ದಿನ ಕಾಗದ ಬಂತು. 'ಹುಡುಗ ಸದ್ಗುಣಿ. ಆದರೆ ಕ್ಷಯದ ಮನೆಗೆ ತಿಳಿದೂ ತಿಳಿದೂ ಹೆಣ್ಣು ಕೊಡಲಾರೆವು.' ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಓದಿ ನನಗೆ ಎರಡು ದಿನ ಅನ್ನ ಸೇರಲಿಲ್ಲ. ಅಮ್ಮ ಅಳೋಕೆ ಕೂತರು. ಅಪ್ಪ ಮಾತ್ರ ಹೆಗಲ ಮೇಲೆ ಶಲ್ಯ ಹಾಕಿಕೊಂಡು, "ನಡೀ ಕಣೋ, ನಾನು ಮಾತಾಡ್ತೀನಿ," ಅಂತ ಯಲ್ದೂರಿಗೆ ಹೊರಟರು. ಅಪ್ಪ ಮಾತಾಡ್ತಾರೆ ಅಂದಾಗಲೇ ನನಗೆ ಮಾಲೂರು ನೆನಪಾಯ್ತು.

ಆದರೆ ಆ ಮನುಷ್ಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನಿಂದ ಪಾಠ ಹೇಳಿಸಿಕೊಂಡಿದ್ದರು. ಹೆಡ್‌ಮಾಸ್ಟರ ಮುಂದೆ ಕೂತು ಕ್ಷಯ ಅಂದರೆ ಯಾವ ಕ್ಷಯ ಅಂತ ನೀಟಾಗಿ ಬಿಡಿಸಿ ಹೇಳಿದರು. ಹೆಡ್‌ಮಾಸ್ಟರು ಸುಮ್ಮನೆ ಒಪ್ಪೋ ಜಾತಿ ಅಲ್ಲ.

"ಸೃಷ್ಟಿಯಾದಾಗಿನಿಂದ ಸಾಯದೇ ಇರೋದು, ನಿಮ್ಮ ಮಗ ಹೋಗಿ ಕೂತ ತಕ್ಷಣ ಸಾಯುತ್ತಾ?"

"ಒಂದೇ ಒಂದನ್ನ ನೋಡ್ತಾ ಕೂತರೆ ಸಾಯಲ್ಲ," ಅಂದರು ಅಪ್ಪ. "ಎಣಿಸೋಕಾಗದಷ್ಟನ್ನ ಗುಡ್ಡೆ ಹಾಕ್ಕೊಂಡು ಕೂತಿದ್ದಾರೆ. ಯಾವುದು ಹೋಗುತ್ತೆ, ಯಾವತ್ತು ಹೋಗುತ್ತೆ ಅಂತ ಹೇಳೋಕಾಗಲ್ಲ. ಆದರೆ ಅಷ್ಟರಲ್ಲಿ ಒಂದು ಹೋಗೇ ಹೋಗುತ್ತೆ."

"ಇದೆಂಥಾ ನಂಬಿಕೆ ಸ್ವಾಮಿ?"

"ಮುಳಬಾಗಿಲಲ್ಲಿ ತಿಥಿ, ಕರ್ಮ ಎಲ್ಲ ನಾನೇ ಮಾಡಿಸೋದು. ಮೂವತ್ತು ವರ್ಷದಿಂದ ಇದೇ ನಂಬಿಕೆ ಮೇಲೆ ಸಂಸಾರ ನಡೆಸಿದ್ದೀನಿ," ಅಂದರು ಅಪ್ಪ.

ಸಾಕ್ಷಿ

ಹೆಡ್‌ಮಾಸ್ಟರು ಒಂದು ಮೆಟ್ಟಿಲು ಇಳಿದರು. ಪೂರ್ತಿ ಇಳಿಯಲಿಲ್ಲ. "ನನ್ನ ಕಣ್ಣಾರೆ ಕೆಳಗೆ ಹೋಗಿ ನೋಡಬೇಕು. ಆಮೇಲೆ ಹೌದು ಅಂತಲೋ ಇಲ್ಲ ಅಂತಲೋ ಹೇಳ್ತೀನಿ," ಅಂದರು. ಡಾಕ್ಟರು ಗಣಿಯವರ ಹತ್ತಿರ ಅಪ್ಪಣೆ ಚೀಟಿ ತಂದರು. ಒಂದು ಬೆಳಿಗ್ಗೆ ಹೆಡ್‌ಮಾಸ್ಟರು ಯಲ್ದೂರಿನ ಮೊದಲ ಕುಯ್ಲಿನ ಮಾವಿನಕಾಯಿ ಒಂದು ಚೀಲ ಹೊತ್ತುಕೊಂಡು, ಶ್ರೀನಿವಾಸಪುರ, ಕೋಲಾರ ಅಂತ ಬಸ್ಸು ಬದಲಾಯಿಸಿಕೊಂಡು ಬಂದರು. ತಲೆಗೆ ಗಟ್ಟಿ ಟೋಪಿ, ಹಣೆಗೆ ದೀಪ ಕಟ್ಟಿದೆವು. ಕೇಜು ಬಿಟ್ಟ ತಕ್ಷಣ ಕಣ್ಣು ಮುಚ್ಚಿ ವಿಷ್ಣು ಸಹಸ್ರನಾಮ ಶುರು ಮಾಡಿದರು. ಕೆಳಗೆ ಮುಟ್ಟುವಾಗ ಇನ್ನೂ ನೂರು ನಾಮ ದಾಟಿರಲಿಲ್ಲ.

ಗುಹೆಯೊಳಗೆ ಬಂದು ಕಬ್ಬಿಣದ ಮುಂದೆ ಕೂತರು. ಬೆವರು ಧಾರೆಯಾಗಿ ಇಳೀತಿತ್ತು. ಡಾಕ್ಟರು ನಿಧಾನವಾಗಿ ಎಲ್ಲ ವಿವರಿಸಿದರು. ನನ್ನ ಕಣ್ಣು ಹೆಡ್‌ಮಾಸ್ಟರ ಮುಖದ ಮೇಲೇ. ಒಪ್ಪಿದರಾ, ಇಲ್ಲವಾ, ಆ ಕತ್ತಲಲ್ಲಿ ಏನೂ ತಿಳೀತಿರಲಿಲ್ಲ. ಅಷ್ಟರಲ್ಲಿ ಯಂತ್ರ ಟಕ್ ಅಂತು.

ಕಾಗದ ಹೊರಗೆ ಬಂತು. ಡಾಕ್ಟರು ಚುಕ್ಕಿ ಸೇರಿಸಿದರು. ಅವರ ಪೆನ್ಸಿಲು ನಿಂತಿತು. ಮತ್ತೆ ಸೇರಿಸಿದರು. ಗೆರೆ ಹೊರಗಿಂದ ಬಂದಿರಲಿಲ್ಲ. ಕಬ್ಬಿಣದ ನಟ್ಟನಡುವೆ ಹುಟ್ಟಿ, ಎರಡು ಕಡೆಗೆ ಸೀಳಿ, ಒಳಗೇ ನಿಂತುಬಿಟ್ಟಿತ್ತು. ಡಾಕ್ಟರು ಉಸಿರಲ್ಲೇ ಹೇಳಿದರು. "ಹೋಗಿರಬಹುದು."

ಹೆಡ್‌ಮಾಸ್ಟರು ಎದ್ದು ನಿಂತರು. "ಯಾವಾಗ?"

"ಈಗ ತಾನೇ. ನಮ್ಮ ಮುಂದೇನೇ."

ಅವರು ಗಟ್ಟಿ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಕಬ್ಬಿಣಕ್ಕೆ ಕೈ ಮುಗಿದರು. ನಾನೂ ಮುಗಿದೆ. ಭೂಮಿ ಹುಟ್ಟೋ ಮುಂಚಿನಿಂದ ಬದುಕಿದ್ದದ್ದು, ಈ ಬಿಸಿ ಕತ್ತಲಲ್ಲಿ, ನಾವು ಮೂವರು ಅಪರಿಚಿತರ ಮುಂದೆ ಹೋಯ್ತಲ್ಲ ಅನ್ನಿಸಿತು.

ಮೇಲೆ ಹೊರಟಾಗ ಕೇಜಿನಲ್ಲಿ ಮೇಸ್ತ್ರಿ, ನಾನು, ಹೆಡ್‌ಮಾಸ್ಟರು. ಡಾಕ್ಟರು ಕಾಗದ ಬಿಟ್ಟು ಬರಲಿಲ್ಲ. ಅರ್ಧ ದಾರಿಯಲ್ಲಿ ಮೂರು ಗಂಟೆ. ಇವತ್ತಾದರೂ ಬೇಡಪ್ಪ ಅಂತ ಮನಸ್ಸಲ್ಲೇ ಬೇಡಿಕೊಂಡೆ. ಕೇಜು ಅದೇ ಮುಚ್ಚಿದ ಹಂತದಲ್ಲಿ ನಿಂತಿತು. ಮೇಸ್ತ್ರಿ ಬಾಗಿಲು ತೆಗೆದರು, ಮತ್ತೆ ಮುಚ್ಚಿದರು. ಬೆಚ್ಚಗಿನ ಗಾಳಿ ಒಳಗೆ ಬಂತು. ನಾನು ಜರುಗಿದೆ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ನನ್ನ ಹಿಂದೆ ಹೆಡ್‌ಮಾಸ್ಟರು ಏನೋ ಗುನುಗ್ತಿದ್ದರು. ಸಹಸ್ರನಾಮ ಅಂದುಕೊಂಡೆ.

ಮೇಲೆ ಬಂದು, ಹುಣಸೇ ಮರದ ಕೆಳಗೆ ಮುಖ ತೊಳೆದುಕೊಂಡು ಅವರು ಹೇಳಿದರು. "ನಿಮ್ಮ ತಂದೆಯವರಿಗೆ ಹೇಳಿ. ಹೆಣ್ಣು ಕೊಡ್ತೀವಿ. ಒಂದೇ ಮಾತು. ಒಳಗೆ ಹೋಗಿರಬಹುದು ಅಂದರಲ್ಲ ನಿಮ್ಮ ಡಾಕ್ಟರು, ಅದು ಖಾತ್ರಿಯಾಗೋದರೊಳಗೆ ಮುಹೂರ್ತ ಮುಗಿಸಬೇಕು. ಆಮೇಲೆ ಸೂತಕ ಗೀತಕ ಅಂತ ತಕರಾರು ಬೇಡ."

ಖಾತ್ರಿಯಾಗೋಕೆ ಇನ್ನೂ ಎಷ್ಟೋ ವರ್ಷ ಬೇಕು ಅಂತ ನಾನು ಹೇಳಲಿಲ್ಲ. ಬಂದ ಭಾಗ್ಯ ಯಾರು ಕೆಡಿಸ್ಕೋತಾರೆ. ಆದರೂ ಬಾಯಿ ಸುಮ್ಮನಿರಬೇಕಲ್ಲ, ಕೇಳಿದೆ. "ಯಂತ್ರ ನೋಡಿ ನಂಬಿಕೆ ಬಂತಾ ಮಾಸ್ಟ್ರೇ?"

"ಯಂತ್ರದ್ದು ನನಗೇನೂ ತಿಳೀಲಿಲ್ಲ. ಮಧ್ಯದಲ್ಲಿ ಹತ್ತಿದರಲ್ಲ ಆ ಹಿರಿಯರು, ಅವರನ್ನ ವಿಚಾರಿಸಿದೆ. ಕೈಲಿ ಮೇಣದಬತ್ತಿ ಹಿಡಿದಿದ್ದರಲ್ಲ, ಅವರೇ. ಈ ಹುಡುಗನ್ನ ಬಲ್ಲಿರಾ ಅಂದೆ. 'ಮಂಚಿ ಪಿಲ್ಲೋಡು, ದಗ್ಗು ಲೇದು' ಅಂದರು. ಒಳ್ಳೇ ಹುಡುಗ, ಕೆಮ್ಮಿಲ್ಲ ಅಂತ ಅಷ್ಟು ವಯಸ್ಸಾದವರು ಹೇಳಿದ ಮೇಲೆ ಇನ್ನೇನು? ಲಗ್ನಪತ್ರಿಕೆ ಅವರಿಗೇ ಮೊದಲು ಕೊಡಬೇಕು ನೋಡಿ, ಮರೀಬೇಡಿ."

ನಾನು ಮೇಸ್ತ್ರಿ ಮುಖ ನೋಡಿದೆ. ಅವರು ಬೀಡಿ ಉಲ್ಟಾ ಹಚ್ಚಿಕೊಂಡಿದ್ದರು. "ನಮ್ಮ ತಾತನ ಕಾಲದಲ್ಲಿ ಮೇಣದಬತ್ತಿ ಹಿಡಿದು ಇಳೀತಿದ್ದರಂತೆ ಸಾರ್," ಅಂದರು ನೆಲ ನೋಡ್ತಾ.

ಪತ್ರಿಕೆ ಅಚ್ಚಾಗಿ ಬಂದಾಗ ಮಾತು ತಪ್ಪೋಕೆ ನನಗೆ ಧೈರ್ಯ ಬರಲಿಲ್ಲ. ಅರಿಶಿನ ಹಚ್ಚಿದ ಮೊದಲ ಪತ್ರಿಕೆ, ಜೊತೆಗೆ ಯಲ್ದೂರಿನ ಒಂದು ಮಾವಿನಹಣ್ಣು. ಮೇಸ್ತ್ರಿ ಆ ಮುಚ್ಚಿದ ಹಂತದ ತೊಲೆ ಮೇಲೆ ಇಟ್ಟು ಬಂದರು. ಮಾರನೇ ದಿನ ಪತ್ರಿಕೆ ಇರಲಿಲ್ಲ, ಗೊರಟೆ ಮಾತ್ರ ಇತ್ತು. "ಇಲಿ ಇರಬೇಕು," ಅಂದೆ, ನನಗೆ ನಾನೇ ಧೈರ್ಯ ಹೇಳಿಕೊಳ್ಳೋಕೆ. "ಇಲಿ ಸಿಪ್ಪೆ ಸುಲಿದು ಪಕ್ಕಕ್ಕಿಡುತ್ತಾ ಸಾರ್?" ಅಂದರು ಮೇಸ್ತ್ರಿ.

ಡಾಕ್ಟರಿಗೆ ಈ ಕಥೆಯೆಲ್ಲ ಕೇಳಿ ನಗು ಬರಲಿಲ್ಲ, ಹೊಟ್ಟೆಕಿಚ್ಚು ಬಂತು. "ನಾನು ಗೆರೆ ತೋರಿಸಿದರೆ ಸಾಕ್ಷಿ ಸಾಲದು, ಇನ್ನೂ ಹತ್ತು ತಾ ಅಂತಾರೆ. ನಿಮ್ಮ ಮಾವನಿಗೆ ನೋಡಪ್ಪ, ಒಬ್ಬ ಸಾಕ್ಷಿ ಸಾಕಾಯ್ತು, ಅವನೂ ಇಲ್ಲದವನು," ಅಂದರು.

ಜ್ಯೇಷ್ಠದಲ್ಲಿ ಯಲ್ದೂರಿನಲ್ಲಿ ಮದುವೆ ಆಯ್ತು. ಪ್ರೋಟಾನಿನ ಸೂತಕ ಅಡ್ಡ ಬರಲಿಲ್ಲ. ಹದಿನೈದು ದಿನ ರಜೆ ಮುಗಿಸಿ, ಹೆಂಡತಿ ಕಟ್ಟಿಕೊಟ್ಟ ಮೊದಲ ಡಬ್ಬಿ ಹಿಡಿದು ಗಣಿಗೆ ಇಳಿದೆ. ಬಂಡೆ ಮೇಲೆ ಡಬ್ಬಿ ಇಟ್ಟೆ. ಮಧ್ಯಾಹ್ನ ಮುಚ್ಚಳ ತೆಗೆಯೋದಕ್ಕೂ ಟೆಲಿಫೋನು ಹೊಡ್ಕೊಳ್ಳೋದಕ್ಕೂ ಸರಿಹೋಯ್ತು. ಡಾಕ್ಟರು ನನ್ನ ಕಡೆ ಕೈ ತೋರಿಸಿದರು, ನೀನೇ ತೆಗಿ ಅಂತ.

ತೆಗೆದೆ. ನ್ಯಾಯವಾಗಿ ಹೆದರಬೇಕಿತ್ತು. ಹೆದರಿಕೆ ಆಗಲಿಲ್ಲ, ನಮ್ಮವರೇ ಯಾರೋ ಅನ್ನಿಸಿತು. ಅದೇ ನೀರಿನ ಸದ್ದು, ಅದೇ ಸುಸ್ತಾದ ಧ್ವನಿ. ಶಿಫ್ಟಿನ ವಿಷಯ ಎತ್ತಲಿಲ್ಲ.

"ಪೆಳ್ಳಿ ಅಯಿಪೋಯಿಂದಾ ಬಾಬು?" ಮದುವೆ ಆಯ್ತಾ ಅಂತ.

"ಅಯಿಪೋಯಿಂದಿ ತಾತ," ಅಂದೆ.

ಆ ಕಡೆಯ ಧ್ವನಿ ನಿಟ್ಟುಸಿರು ಬಿಟ್ಟಿತು, ಅನುಭವಸ್ಥರು ಬಿಡ್ತಾರಲ್ಲ ಅಂಥದ್ದು.

"ಅಯಿತೇ ನೀ ಷಿಫ್ಟು ಇಪ್ಪುಡು ಮೊದಲೈಂದಿ," ಅಂತು. ಹಾಗಾದರೆ ನಿನ್ನ ಶಿಫ್ಟು ಈಗ ಶುರುವಾಯ್ತು ಅಂತ.